ರಸ್ತೆಗೆ ಕಾಣುವ ಬಣವೆ

ಮನೆತನದ ದೊಡ್ಡಸ್ತಿಕೆಯನ್ನು ಜನ ಯಾವಯಾವುದರಿಂದಲೋ ಅಳೆಯುತ್ತಾರೆ. ನನ್ನ ಮಾವ ಹತ್ತಿಕಟ್ಟಿಗೆಯಿಂದ ಅಳೆಯುತ್ತಿದ್ದರು.

ಚಳಿಗಾಲ ಮುಗಿಯುವ ಹೊತ್ತಿಗೆ ಕೊನೆಯ ಹತ್ತಿ ಬಿಡಿಸಿ ಆದಮೇಲೆ ನಮ್ಮ ಕಡೆ ಗಿಡ ಕಿತ್ತು, ಒಣಗಿಸಿ, ಹೊರೆ ಕಟ್ಟಿ ಬಣವೆ ಒಟ್ಟುತ್ತಾರೆ. ಮಳೆಗಾಲದಲ್ಲಿ ಒಲೆಗೆ ಒಣ ಉರುವಲು ಬೇಕಲ್ಲ, ಅದಕ್ಕೆ. ಎಲ್ಲರೂ ಹಿತ್ತಲಲ್ಲಿ ಒಟ್ಟಿದರೆ ನಮ್ಮ ಮಾವ ಮಾತ್ರ ಡಾಂಬರು ರಸ್ತೆಗೆ ತಾಗಿದ ಹೊಲದ ಮೂಲೆಯಲ್ಲಿ ಒಟ್ಟಿಸುತ್ತಿದ್ದರು. ರಾಣೆಬೆನ್ನೂರಿನಿಂದ ಹಲಗೇರಿ ಕಡೆ ಹೋಗುವ ಬಸ್ಸಿನವರೆಲ್ಲ ಅದನ್ನು ನೋಡಬೇಕು, ನೋಡಿ ಇದು ಯಾರದು ಎಂದು ಕೇಳಬೇಕು, ಪಕ್ಕದವನು ಇವರ ಹೆಸರು ಹೇಳಬೇಕು. ಅದರ ನೆತ್ತಿ ಮುಟ್ಟಲು ಕೂಲಿಯವರು ಏಣಿ ಹಚ್ಚುತ್ತಿದ್ದರು. ಮಾವ ಕೆಳಗೆ ನಿಂತು, ರುಮಾಲು ಬೀಳದಂತೆ ಒಂದು ಕೈ ತಲೆಯ ಮೇಲಿಟ್ಟುಕೊಂಡು, "ಇನ್ನೊಂದ್ ಸಾಲ ಏರಸ್ರೋ" ಎಂದು ಕೂಗುತ್ತಿದ್ದರು.

ಉರುವಲಿಗೆಂದು ಒಟ್ಟಿದ್ದು ಎಂದಮೇಲೆ ಉರಿಯಬೇಕಷ್ಟೆ? ಉರಿಯುತ್ತಿರಲಿಲ್ಲ. ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ನಾವು ಹೆಂಗಸರು ಜಾಲಿಮುಳ್ಳು, ಕುಳ್ಳು, ಹಸಿಬಿಸಿ ಕಟ್ಟಿಗೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು ಅಡುಗೆ ಮಾಡಬೇಕು, ಬಣವೆ ಮಾತ್ರ ರಸ್ತೆಗೆ ಮುಖ ಮಾಡಿಕೊಂಡು ಕೂತಿರಬೇಕು. ಮುಂದಿನ ವರ್ಷದ ಕಟ್ಟಿಗೆ ಬಂದಾಗ ಹಳೆಯದರ ಮೇಲೆಯೇ ಹೊಸದನ್ನು ಏರಿಸುತ್ತಿದ್ದರು. ಬುಡದಲ್ಲಿದ್ದದ್ದು ಗೆದ್ದಲಿಗೆ, ನಡುವಿನದು ಇಲಿಗೆ, ಮೇಲಿನದು ಮಾವನ ಮೀಸೆಗೆ.

ನಾನು ರಾಣೆಬೆನ್ನೂರು ಪೇಟೆಯಲ್ಲಿ ಹುಟ್ಟಿ ಬೆಳೆದವಳು. ಎಂಬತ್ತರ ದಶಕದ ನಡುವೆ ಆ ಮನೆಗೆ ಸೊಸೆಯಾಗಿ ಬಂದೆ. ಮದುವೆಗೆ ಮೊದಲು ನಮ್ಮ ಅಪ್ಪ ಮನೆತನ ನೋಡಲು ಹೋದಾಗ ಮಾವ ಕುಡಿಯಲು ನೀರು ಸಹ ಕೊಡದೆ ಮೊದಲು ಬಣವೆಯ ಸುತ್ತ ಒಂದು ಸುತ್ತು ಹಾಕಿಸಿದರಂತೆ. ಅಪ್ಪ ಬಟ್ಟೆ ಅಂಗಡಿಯಲ್ಲಿ ಜೀವ ಸವೆಸಿದ ಮನುಷ್ಯ. ಹೊಲಮನೆಯ ವಿಷಯ ಅವನಿಗೆ ತಿಳಿಯದು. ತಿರುಗಿ ಬಂದು ಅವ್ವನಿಗೆ, "ಮನಿ ಚಲೋ ಅನಸ್ತೈತಿ. ಕಟಿಗಿ ಭಾಳ ಅದಾವ" ಎಂದನಂತೆ. ಅಷ್ಟು ಕಟ್ಟಿಗೆಯ ಆಧಾರದ ಮೇಲೆ ನನ್ನ ಮದುವೆ ಆಯಿತು.

ಮನೆಯಲ್ಲಿ ಅತ್ತೆ ಇರಲಿಲ್ಲ, ನಾನು ಬರುವ ಮೊದಲೇ ತೀರಿಕೊಂಡಿದ್ದರು. ನನ್ನ ಗಂಡನಿಗೆ ರಾಣೆಬೆನ್ನೂರಿನಲ್ಲಿ ಹುಳದ ಔಷಧದ ಅಂಗಡಿ. ನಮ್ಮ ಕಡೆ ಅದಕ್ಕೆ ಎಣ್ಣೆ ಎನ್ನುತ್ತಾರೆ. ಎಲೆ ಮುದುಡಿದರೆ ಎಣ್ಣೆ, ಹೂ ಉದುರಿದರೆ ಎಣ್ಣೆ, ಏನೂ ಆಗದಿದ್ದರೆ ಮುಂದೆ ಆಗಬಾರದೆಂದು ಎಣ್ಣೆ. ಒಂದು ಎಣ್ಣೆಗೆ ಹುಳ ಸಾಯದಿದ್ದರೆ ಇನ್ನೊಂದನ್ನು ಬೆರೆಸಿ ಕೊಡುತ್ತಿದ್ದ. ಹುಳಕ್ಕೆ ಏನಾಗುತ್ತಿತ್ತೋ ಗೊತ್ತಿಲ್ಲ, ಹೊಡೆದ ಕೂಲಿಯವರು ಸಂಜೆ ವಾಂತಿ ಮಾಡಿಕೊಳ್ಳುತ್ತಿದ್ದರು. ಆಗ ನನ್ನ ಗಂಡ, "ಮಜ್ಜಿಗಿ ಕುಡೀರಿ" ಎಂದು ಅದಕ್ಕೂ ಒಂದು ಉಪಾಯ ಹೇಳುತ್ತಿದ್ದ.

ಇಂಥ ಮನೆಗೆ ತೊಂಬತ್ತರ ದಶಕ ಶುರುವಾದ ಹೊಸತರಲ್ಲಿ ನನ್ನ ನಾದಿನಿ ತಿರುಗಿ ಬಂದಳು. ಅವಳನ್ನು ಬ್ಯಾಡಗಿಗೆ ಕೊಟ್ಟಿದ್ದರು. ಗಂಡ ಮೆಣಸಿನಕಾಯಿ ವ್ಯಾಪಾರದವನು. ಮನೆಯಲ್ಲಿ ಇವಳಿರುವಾಗಲೇ ಇನ್ನೊಬ್ಬಳನ್ನು ತಂದಿಟ್ಟುಕೊಂಡು, ಇಬ್ಬರಿಗೂ ಒಂದೇ ಅಡುಗೆಮನೆ ಸಾಕು ಎಂದನಂತೆ. ಇವಳು ಒಂದು ಟ್ರಂಕು ಹಿಡಿದುಕೊಂಡು ಬಸ್ಸು ಹತ್ತಿದಳು. ನಮ್ಮೂರಿನ ರಸ್ತೆಯಲ್ಲಿ, ಬಣವೆಯ ಎದುರಿಗೇ ಇಳಿದಳು. ಮಾವ ಅಳುವ ಮಗಳನ್ನು ಒಳಗೆ ಕರೆಯುವ ಮೊದಲು ರಸ್ತೆಯ ಆಚೆ ಈಚೆ ನೋಡಿ, "ಯಾರರ ನೋಡಿದ್ರೇನು?" ಎಂದು ಕೇಳಿದರು. ಆ ಒಂದು ಮಾತಿಗೆ ನಾನು ಅವರನ್ನು ಇವತ್ತಿಗೂ ಕ್ಷಮಿಸಿಲ್ಲ.

ಕೆಲವು ತಿಂಗಳು ಕಳೆದ ಮೇಲೆ ಹಿರಿಯರು ಕೂತು ಮಾತಾಡಿದರು. ಬ್ಯಾಡಗಿಗೆ ತಿರುಗಿ ಹೋಗು ಎಂದು ಎಲ್ಲರೂ ಹೇಳಿದರು. ಅವಳು ಹೋಗುವುದಿಲ್ಲ ಎಂದಳು. ರಸ್ತೆಬದಿಯ ಆ ಹೊಲ ಕೊಡಿ, ನಾನೇ ದುಡಿದು ತಿನ್ನುತ್ತೇನೆ ಎಂದಳು. ಹಿರಿಯರ ಮುಂದೆ ಮಗಳಿಗೆ ಇಲ್ಲ ಎನ್ನಲು ಮಾವನಿಗೆ ನಾಚಿಕೆ, ಹೂಂ ಎನ್ನಲು ಮನಸ್ಸಿಲ್ಲ. ಗಂಟಲು ಸರಿಮಾಡಿಕೊಂಡು ನ್ಯಾಯಾಧೀಶರ ಗತ್ತಿನಲ್ಲಿ ಹೇಳಿದರು:

"ಎರಡ್ ಬೆಳಿ ನೋಡ್ತೇನಿ. ಹತ್ತಿ ಚಲೋ ಬಂತಂದ್ರ ಹೊಲಾ ನಿನ್ನ ಹೆಸರಿಗೆ. ಬರಲಿಲ್ಲಂದ್ರ ಬ್ಯಾಡಗಿ ಬಸ್ಸಿಗೆ ನಾನ ಕುಂದ್ರಸಿ ಬರ್ತೇನಿ."

ಅವಳು ತಲೆ ಆಡಿಸಿದಳು. ಬಾಗಿಲ ಹಿಂದೆ ನಿಂತಿದ್ದ ನಾನು ಮಾತ್ರ ಹೆದರಿದೆ. ಏಕೆಂದರೆ ಆ ಹೊಲದಲ್ಲಿ ಹತ್ತಿ ನೆಟ್ಟಗೆ ಬಂದದ್ದನ್ನು ನಾನು ನೋಡಿಯೇ ಇರಲಿಲ್ಲ. ಗಿಡ ಎದೆಯೆತ್ತರ ಬೆಳೆಯುತ್ತಿತ್ತು, ಹೂವಾಗುತ್ತಿತ್ತು, ಕಾಯಿ ಹಿಡಿಯುತ್ತಿತ್ತು. ಆಮೇಲೆ ಕಾಯಿ ಅರ್ಧ ಬಿರಿದು, ಒಳಗಿನ ಅರಳೆ ಕೊಳೆತ ಹಳದಿ ಬಣ್ಣಕ್ಕೆ ತಿರುಗಿ ನಿಂತುಬಿಡುತ್ತಿತ್ತು. ಊರಿನ ಮೂಲೆಮೂಲೆಯ ಹೊಲಗಳಿಗಿಂತ ರಸ್ತೆಬದಿಯ ಆ ಹೊಲಕ್ಕೇ ರೋಗ ಹೆಚ್ಚು. ಮಾವ ಅದಕ್ಕೆ ಬಸ್ಸಿನವರ ದೃಷ್ಟಿ ಎನ್ನುತ್ತಿದ್ದರು. ಬಣವೆ ತೋರಿಸಬೇಕಾದವರೂ ಬಸ್ಸಿನವರೇ, ದೃಷ್ಟಿ ಹಾಕುವವರೂ ಬಸ್ಸಿನವರೇ. ಇದರಲ್ಲಿ ಅವರಿಗೆ ಯಾವ ಗೊಂದಲವೂ ಇರಲಿಲ್ಲ.

ಅದೇ ಬೇಸಗೆಯಲ್ಲಿ ಒಬ್ಬ ಕೃಷಿ ಸಹಾಯಕ ನಮ್ಮೂರಿಗೆ ಬರತೊಡಗಿದ. ಲೂನಾ ಮೇಲೆ ಬರುವ, ಎಷ್ಟು ಬಿಸಿಲಿದ್ದರೂ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುವ ಮನುಷ್ಯ. ಹೇಳುವುದೆಲ್ಲ ಸರಿಯಾಗಿಯೇ ಇರುತ್ತಿತ್ತು, ಆದರೆ ಹೇಳುವುದನ್ನೆಲ್ಲ ತನ್ನ ಚಪ್ಪಲಿಗೆ ಹೇಳುತ್ತಿದ್ದ. ಕಟ್ಟೆಯ ಮೇಲೆ ಕೂತ ಗಂಡಸರು ಅಡಿಕೆ ಕತ್ತರಿಸುತ್ತ ಆಕಳಿಸುತ್ತಿದ್ದರು. ನಾನೂ ನಾದಿನಿಯೂ ಬಾಗಿಲಲ್ಲಿ ಕಾಳು ಹಸನು ಮಾಡುತ್ತ ಕೇಳುತ್ತಿದ್ದೆವು.

"ಈ ಗುಲಾಬಿ ಕಾಯಿಕೊರಕ ಐತಲ್ರಿ, ಅದು ಹತ್ತಿ ಮುಗದ ಕೂಡ್ಲೆ ಸಾಯಂಗಿಲ್ರಿ. ಕಟಿಗಿಗೆ ಅಂಟಿದ ಒಣಾ ಕಾಯಾಗ, ಬೀಜದಾಗ, ಮುದುಡಿ ಮಲಗಿರತೈತಿ. ಮಳಿ ಬಿದ್ದು ಹೊಸಾ ಹತ್ತಿ ಮೊಗ್ಗಿ ಹಿಡಿಯೂ ಹೊತ್ತಿಗೆ ಚಿಟ್ಟಿ ಆಗಿ ಹೊರಗ ಬರತೈತಿ. ಅದಕ್ಕ ಕಟಿಗಿ ಬ್ಯಾಸಗ್ಯಾಗ ಸುಟ್ಟ ಬಿಡ್ರಿ."

ಮಾವ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಒಣಾ ಕಟಿಗ್ಯಾಗ ಹುಳಾ ಏನ್ ತಿಂದ್ ಬದಕತೈತ್ರಿ ಸಾಹೇಬ್ರ? ನಿಮ್ಮ ಪಗಾರ ತಿಂತೈತೇನು?" ಎಂದರು. ಕಟ್ಟೆ ನಕ್ಕಿತು. ಸಹಾಯಕ ಲೂನಾ ಹತ್ತಿದ.

ನಾದಿನಿ ನಗಲಿಲ್ಲ. ಕಾಳಿನ ಮೊರ ನನ್ನ ಕೈಗೆ ಕೊಟ್ಟು ಸೀದಾ ಬಣವೆಗೆ ಹೋದಳು. ಕಟ್ಟಿಗೆಗೆ ಅಂಟಿಕೊಂಡು ಒಣಗಿದ, ಯಾರೂ ಬಿಡಿಸದೆ ಬಿಟ್ಟ ಕಾಯಿಗಳನ್ನು ಉಡಿಯಲ್ಲಿ ತುಂಬಿಕೊಂಡು ಬಂದು ಪಡಸಾಲೆಯಲ್ಲಿ ಕೂತು ಒಂದೊಂದಾಗಿ ಒಡೆದಳು. ಎರಡು ಬೀಜ ನೂಲಿನಿಂದ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿದರೆ ನಡುವೆ ಮಡಚಿಕೊಂಡು ಕೂತ ಗುಲಾಬಿ ಬಣ್ಣದ ಹುಳ. ಇನ್ನೊಂದು ಕಾಯಿಯಲ್ಲಿ ಇನ್ನೊಂದು. ಅದನ್ನು ಅಪ್ಪನ ಅಂಗೈ ಮೇಲೆ ಇಟ್ಟಳು.

"ಸತ್ತೈತಿ" ಎಂದರು ಮಾವ.

ಅಂಗಳದಿಂದ ಬಿದ್ದ ಬಿಸಿಲಿಗೆ, ಅಂಗೈಯ ಕಾವಿಗೆ ಹುಳ ಮೆಲ್ಲಗೆ ಸೊಂಟ ಎತ್ತಿತು. ಮಾವ ಕೈ ಕೊಡವಿದರು. "ಒಂದ್ ಹುಳಕ್ಕ ಇಷ್ಟು ರಾಮಾಯಣಾ ಮಾಡಬ್ಯಾಡ. ಆ ಬಣವಿಗೆ ಕಡ್ಡಿ ಕೊರದಿ ಅಂದ್ರ ಈ ಮನ್ಯಾಗ ಇರಬ್ಯಾಡ" ಎಂದು ಎದ್ದು ಹೋದರು.

ಅವಳು ಕಡ್ಡಿ ಗೀರಲಿಲ್ಲ. ನಾನಾಗಿದ್ದರೆ ಅವತ್ತೇ ಗೀರುತ್ತಿದ್ದೆ ಎಂದು ಅವಳಿಗೆ ಹೇಳಿದೆ. "ಕೊರದ ಎಲ್ಲಿಗೆ ಹೋಗ್ಲಿ, ವೈನಿ?" ಎಂದು ಕೇಳಿದಳು.

ಮಳೆ ಬಿದ್ದು ಬಿತ್ತನೆಯಾಯಿತು. ಹೊಸ ಗಿಡ ಮೊಗ್ಗು ಹಿಡಿಯುವ ಹೊತ್ತಿಗೆ ಸಹಾಯಕ ಮತ್ತೆ ಬಂದ. ಈ ಸಲ ಇಲಾಖೆಯಿಂದ ಮೋಹಕ ಬಲೆಗಳನ್ನು ತಂದಿದ್ದ. ಮೇಲೆ ಒಂದು ಮುಚ್ಚಳ, ಅದರ ಕೆಳಗೆ ಆಲಿಕೆ, ಆಲಿಕೆಗೆ ಕಟ್ಟಿದ ಉದ್ದನೆಯ ಪ್ಲಾಸ್ಟಿಕ್ ಚೀಲ. ಮುಚ್ಚಳದೊಳಗೆ ಒಂದು ರಬ್ಬರಿನ ತುಣುಕು ಸಿಕ್ಕಿಸಬೇಕು. ಅದು ಯಾಕೆ ಎಂದು ಯಾರೋ ಕೇಳಿದರು. ಹೆಂಗಸರು ನಿಂತದ್ದನ್ನು ನೋಡಿ ಅವನ ಕಿವಿ ಕೆಂಪಾದವು. "ಅದರಾಗ ಒಂದು ನಮೂನಿ ವಾಸನಿ ಇರತೈತ್ರಿ... ಗಂಡ ಚಿಟ್ಟಿ... ಅಂದ್ರ ಹೆಣ್ಣ ಚಿಟ್ಟಿ ಐತಿ ಅಂತ ತಿಳಕೊಂಡು..." ಎಂದವನು ಮುಂದಿನದನ್ನು ನುಂಗಿಬಿಟ್ಟ. ನಾದಿನಿ ಮುಖದಲ್ಲಿ ಏನೂ ತೋರಿಸದೆ, "ಬಂದು ಬೀಳತಾವ, ಹೌದಿಲ್ರಿ?" ಎಂದಳು. "ಹೌದ್ರಿ" ಎಂದು ಅವನು ಬದುಕಿಕೊಂಡ.

ಬಲೆಗಳನ್ನು ಹೊಲದಲ್ಲಿ, ಗಿಡಗಳ ನಡುವೆ ಗೂಟ ನೆಟ್ಟು ಕಟ್ಟಬೇಕು ಎಂದು ಹೇಳಿ ಹೋದ. ಮಾವ ಮಾಡಿದ್ದೇನು? ಸರಕಾರದವರು ತಮ್ಮ ಮನೆ ಹುಡುಕಿಕೊಂಡು ಬಂದು ಕೊಟ್ಟ ವಸ್ತುವನ್ನು ಗಿಡಗಳ ನಡುವೆ ಮುಚ್ಚಿಡುವಷ್ಟು ದಡ್ಡರು ಅವರಲ್ಲ. ಅಷ್ಟನ್ನೂ ಬಣವೆಯ ಮುಖಕ್ಕೆ, ರಸ್ತೆಯ ಕಡೆಗೆ, ಮದುವೆ ಚಪ್ಪರದ ತೋರಣದ ಹಾಗೆ ಸಾಲಾಗಿ ಕಟ್ಟಿಸಿದರು. ನಾದಿನಿ ಒಂದನ್ನಾದರೂ ಹೊಲಕ್ಕೆ ಕೊಡು ಎಂದು ಕೇಳಿದರೆ, "ಅಲ್ಲಿ ಯಾರು ನೋಡ್ತಾರ?" ಎಂದರು.

ಕೆಲವೇ ದಿನಕ್ಕೆ ಚೀಲಗಳು ತುಂಬಿದವು. ಬೂದು ಬಣ್ಣದ ಸಣ್ಣ ಚಿಟ್ಟೆಗಳು ಒಂದರ ಮೇಲೊಂದು ಬಿದ್ದು ಚೀಲದ ತಳ ದಪ್ಪಗಾಯಿತು. ಮಾವನ ಸಂಭ್ರಮ ಹೇಳತೀರದು. ಬೆಳಗಾದರೆ ಬಾಯಿ ತೊಳೆಯುವ ಮೊದಲೇ ಬಣವೆಯ ಹತ್ತಿರ ಹೋಗಿ ಚೀಲ ಅಲುಗಾಡಿಸುವುದು, ದಾರಿಹೋಕರನ್ನು ಕರೆದು, "ನೋಡ್ರಿ, ಇಷ್ಟು ಚಿಟ್ಟಿ ಇಡೀ ಹೋಬಳ್ಯಾಗ ಯಾರೂ ಹಿಡದಿಲ್ಲ" ಎನ್ನುವುದು. ಒಬ್ಬ ಮುದುಕ ಮಾತ್ರ, "ಅಲ್ಲೋ ಮಾರಾಯಾ, ಇಷ್ಟು ಚಿಟ್ಟಿ ನಿನ್ನ ಬಣವ್ಯಾಗ ಇದ್ದುವಲ್ಲೋ" ಎಂದ. ಮಾವ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ತನ್ನ ಮನೆಯ ಕೊಳೆಯನ್ನು ಚೀಲದಲ್ಲಿ ತುಂಬಿ ಬೀದಿಗೆ ತೂಗುಹಾಕಿ ಹೊಗಳಿಸಿಕೊಂಡವರನ್ನು ನಾನು ಅವರೊಬ್ಬರನ್ನೇ ಕಂಡದ್ದು.

ಬಲೆಗೆ ಬೀಳದೆ ಉಳಿದವು ಪಕ್ಕದಲ್ಲೇ ಇದ್ದ ಅವಳ ಹೊಲಕ್ಕೆ ಹಾರಿದವು. ಹೂಗಳು ಅರಳದೆ ಮುದುಡಿ ನಿಂತವು. ನನ್ನ ಗಂಡ ಅಂಗಡಿಯಿಂದ ಎಣ್ಣೆ ತಂದು ಹೊಡೆಸಿದ, ಆಮೇಲೆ ಬೆರಕೆ ಎಣ್ಣೆ ಹೊಡೆಸಿದ. ಹುಳ ಆಗಲೇ ಕಾಯಿಯೊಳಗೆ ಸೇರಿ ಕದ ಹಾಕಿಕೊಂಡಿತ್ತು, ಹೊರಗೆ ಯಾರು ಏನು ಸುರಿದರೂ ಅದಕ್ಕೇನು? ಸತ್ತದ್ದು ಜೇನುಹುಳ. ಸುಗ್ಗಿಯಲ್ಲಿ ಅವಳು ಬಿಡಿಸಿದ ಹತ್ತಿಯಲ್ಲಿ ಮುಕ್ಕಾಲು ಹಳದಿ. ಅದನ್ನು ನೋಡಿ ಮಾವ ಹೇಳಿದ್ದು ಒಂದೇ ಮಾತು: "ಒಂದ್ ಬೆಳಿ ಆತು."

ಅವಳು ಅವತ್ತು ಅಡುಗೆಮನೆಯಲ್ಲಿ ಕೂತು ಅತ್ತಳು. ನಾನೂ ಅತ್ತೆ. ಅವಳಿಗಾಗಿ ಮಾತ್ರವಲ್ಲ, ನನಗಾಗಿಯೂ. ಆ ಮನೆಯಲ್ಲಿ ಮಾತಿಗೆ ಮಾತು ಕೊಡುವ ಜೀವ ಅದೊಂದೇ. ಅವಳನ್ನು ಬಸ್ಸಿಗೆ ಹತ್ತಿಸಿದರೆ ಎಣ್ಣೆಯ ವಾಸನೆಯ ಗಂಡ, ಬಣವೆಯ ಮಾವ, ಇವರಿಬ್ಬರ ನಡುವೆ ನಾನು ಬದುಕಬೇಕಿತ್ತು. ನೆನೆಸಿಕೊಂಡರೆ ಹೆದರಿಕೆಯಾಗುತ್ತಿತ್ತು.

ಹೊಸ ಕಟ್ಟಿಗೆ ಬಂದು ಬಣವೆ ಇನ್ನಷ್ಟು ಎತ್ತರವಾಯಿತು. ಹೋಳಿ ಹುಣ್ಣಿಮೆ ಕಳೆದಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಕೂತ ಮಾವನಿಗೆ ರೊಟ್ಟಿ ನೀಡುತ್ತ ನಾದಿನಿ ಬಹಳ ಸಾದಾ ದನಿಯಲ್ಲಿ ಹೇಳಿದಳು:

"ಅಪ್ಪಾ, ಹಾವೇರಿ ಕಡೆ ಮಠದಾಗ ಸಾಮೂಹಿಕ ಮದುವಿ ಅದಾವಂತ. ದಾಸೋಹಕ್ಕ ಊರೂರಿಂದ ಖಡಕ್ ರೊಟ್ಟಿ ಕಳಸಾಕತ್ತಾರಂತ. ಗಾಡಿಗಟ್ಟಲೆ ಕೊಟ್ಟವರ ಹೆಸರು ಮೈಕಿನಾಗ ಕರೀತಾರಂತ."

ಮಾವನ ಕೈ ತಟ್ಟೆಯಲ್ಲೇ ನಿಂತಿತು. "ಹೆಸರ ಕರೀತಾರ?"

"ಅಪ್ಪನ ಹೆಸರು, ಊರಿನ ಹೆಸರು, ಎರಡೂ."

"ಹಂಗಾರ ಒಂದ್ ಗಾಡಿ ನಮ್ದೂ ಹೋಗ್ಲಿ."

"ಒಂದ್ ಗಾಡಿ ರೊಟ್ಟಿಗೆ ಕಟಿಗಿ ಭಾಳ ಬೇಕು. ಜಾಲಿಮುಳ್ಳಿನ ಉರಿಗೆ ಖಡಕ್ ರೊಟ್ಟಿ ಆಗಂಗಿಲ್ಲ. ಹತ್ತಿ ಕಟಿಗೀನ ಬೇಕು."

ಮಾವ ಒಂದು ತುತ್ತು ತಿಂದರು. ಕಿಟಕಿಯಿಂದ ಬಣವೆಯನ್ನು ನೋಡಿದರು. ಇನ್ನೊಂದು ತುತ್ತು ತಿಂದರು. ಬಣವೆಯನ್ನು ನೋಡುವವರು ಬಸ್ಸಿನಷ್ಟು ಜನ. ಮೈಕು ಕೇಳುವವರು ಜಾತ್ರೆಯಷ್ಟು ಜನ. ಈ ಲೆಕ್ಕ ಅವರ ಹಣೆಯ ಮೇಲೆ ಓಡಾಡಿದ್ದು ನನಗೆ ಸ್ಪಷ್ಟವಾಗಿ ಕಾಣಿಸಿತು. "ತಗೀರಿ" ಎಂದರು.

ಬೇಸಗೆ ಪೂರ್ತಿ ನಮ್ಮ ಹಿತ್ತಲಲ್ಲಿ ರೊಟ್ಟಿ ಬಡಿಯುವ ಸದ್ದು. ಹತ್ತಿಕಟ್ಟಿಗೆಯ ಉರಿ ಥಟ್ಟನೆ ಏಳುತ್ತದೆ, ಹೊಗೆ ಕಡಿಮೆ, ಹಂಚು ಒಂದೇ ಹದಕ್ಕೆ ಕಾಯುತ್ತದೆ. ಇಷ್ಟು ವರ್ಷ ಇಂಥ ಉರುವಲನ್ನು ರಸ್ತೆಗೆ ಕೂರಿಸಿ ನಮ್ಮನ್ನು ಹೊಗೆಯಲ್ಲಿ ಕೂರಿಸಿದ್ದರಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಓಣಿಯ ಹೆಂಗಸರೂ ಬಂದರು. ನಾದಿನಿ ಅವರಿಗೆ ಒಂದೇ ಕಟ್ಟಳೆ ಹಾಕಿದ್ದಳು: ಹಿಟ್ಟು ತರ್ರಿ, ಜೊತೆಗೆ ನಿಮ್ಮ ಹಿತ್ತಲಿನ ಹತ್ತಿ ಕಟಿಗೀನೂ ತರ್ರಿ. ಪುಣ್ಯದ ಕೆಲಸ ಎಂದಮೇಲೆ ಯಾರೂ ಯಾಕೆ ಎಂದು ಕೇಳಲಿಲ್ಲ. ರೊಟ್ಟಿಗಳು ಬಿಳಿ ಬಟ್ಟೆಯ ಮೇಲೆ ಬಿಸಿಲಲ್ಲಿ ಒಣಗಿ ಹಪ್ಪಳದಂತಾದವು. ಬಣವೆ ದಿನದಿಂದ ದಿನಕ್ಕೆ ಕುಸಿಯಿತು. ಬುಡ ಕಂಡಾಗ ಅವಳು ಸೀರೆ ಎತ್ತಿ ಕಟ್ಟಿ ನಿಂತು ಅಲ್ಲಿ ಉದುರಿದ್ದ ಒಣಕಾಯಿ, ಬೀಜ, ಕಸಕಡ್ಡಿ ಎಲ್ಲವನ್ನೂ ಬುಟ್ಟಿಯಲ್ಲಿ ಬಳಿದು ತಂದು ಒಲೆಗೆ ಸುರಿದಳು. ಚಟಪಟ ಎಂದಿತು. "ಮಲಗಿದ್ದುವು ಎದ್ದುವು ನೋಡು, ವೈನಿ" ಎಂದಳು. ಅವಳು ನಕ್ಕದ್ದನ್ನು ನಾನು ಬಹಳ ದಿನಗಳ ಮೇಲೆ ನೋಡಿದೆ.

ಗಾಡಿ ಹೊರಟಿತು. ಮಾವ ಮುಂದೆ ಕೂತಿದ್ದರು. ಮಠದಲ್ಲಿ ಅವರ ಹೆಸರನ್ನು ಕರೆದದ್ದೂ ನಿಜ. ಜೊತೆಗೆ ಹೋಗಿದ್ದ ನನ್ನ ಗಂಡ ಹೇಳಿದ ಪ್ರಕಾರ, ಕಳೆದುಹೋದ ಒಂದು ಜೋಡಿ ಚಪ್ಪಲಿಯ ಸುದ್ದಿಗೂ ನೀರಿನ ಟ್ಯಾಂಕಿನ ಹತ್ತಿರ ಯಾರೂ ಕೈ ತೊಳೆಯಬಾರದು ಎಂಬ ಸೂಚನೆಗೂ ನಡುವೆ ಅದು ಬಂತು. ಮಾವ ಮಾತ್ರ ಅದನ್ನು ಸಾಯುವವರೆಗೂ ಹೇಳಿಕೊಂಡರು. ಚಪ್ಪಲಿಯ ವಿಷಯ ಹೇಳಲಿಲ್ಲ.

ಎರಡನೆಯ ಬೆಳೆಯಲ್ಲಿ ಸಹಾಯಕ ತಂದ ಬಲೆಗಳನ್ನು ನಾದಿನಿಯೇ ಇಸಿದುಕೊಂಡು ಹೊಲದ ನಡುವೆ ಕಟ್ಟಿದಳು. ತೂಗುಹಾಕಲು ಬಣವೆ ಇಲ್ಲದ್ದರಿಂದ ಮಾವನಿಗೂ ಅವುಗಳ ಮೇಲೆ ಆಸೆ ಹೋಗಿತ್ತು. ಚೀಲದ ತಳದಲ್ಲಿ ಆಗೊಂದು ಈಗೊಂದು ಚಿಟ್ಟೆ. ಮೊಗ್ಗು ಹಿಡಿಯಿತು, ಹೂ ಅರಳಿತು, ಕಾಯಿ ಬಲಿಯಿತು. ಅವಳು ದಿನಾ ಹೋಗಿ ಕಾಯಿ ಒತ್ತಿ ನೋಡುತ್ತಿದ್ದಳು. ಚಳಿ ಬಿದ್ದ ಮೇಲೆ ಕಾಯಿಗಳು ನಾಲ್ಕೂ ಎಸಳು ಬಿಚ್ಚಿ ಬೆಳ್ಳಗೆ ಬಿರಿದವು. ಆ ಹೊಲ ಅಷ್ಟು ಬೆಳ್ಳಗಾದದ್ದನ್ನು ಊರು ನೋಡಿರಲಿಲ್ಲ. ಬಸ್ಸಿನವರು ಈಗ ನಿಜವಾಗಿಯೂ ಕತ್ತು ಹೊರಳಿಸಿ ನೋಡಿದರು.

ನನ್ನ ಗಂಡ ಇದು ತನ್ನ ಎಣ್ಣೆಯ ಪ್ರತಾಪ ಎಂದ. ಆ ವರ್ಷ ಅವನು ಹೊಡೆಸಿದ್ದೇ ಕಡಿಮೆ, ಆದರೂ ಹೇಳಿದ. ಮಾವ ಮಠದ ಆಶೀರ್ವಾದ ಎಂದರು. ಅವಳ ಹೆಸರು ಯಾರ ಬಾಯಿಗೂ ಬರಲಿಲ್ಲ. ಕೊಟ್ಟ ಮಾತಿನ ವಿಷಯ ನಾನೇ ಒಂದು ದಿನ ಎತ್ತಿದೆ.

"ಮಾವಾರ, ಬೆಳಿ ಚಲೋ ಬಂದೈತ್ರಿ. ಹೊಲಾ ಆಕಿ ಹೆಸರಿಗೆ ಯಾವಾಗ ಮಾಡ್ತೀರಿ?"

"ಒಂದ್ ಬೆಳಿ ಬಂದ್ರ ಆತೇನು? ಎರಡ ಅಂದಿದ್ದೆ, ಒಂದು ಹೋತು, ಒಂದು ಬಂತು. ಹೆಣಮಗಳ ಹೆಸರಿಗೆ ಹೊಲಾ ಮಾಡಿದ್ರ ಮಂದಿ ಏನಂದಾರು? ಬ್ಯಾಡಗಿಯವರಿಗೆ ಹೇಳಿ ಕಳಿಸೇನಿ. ಸುಗ್ಗಿ ಮುಗೀಲಿ, ಬಂದ್ ಕರಕೊಂಡ ಹೋಗ್ತಾರ."

ನನಗೆ ಅಲ್ಲೇ ಮುಖಕ್ಕೆ ಹೊಡೆದ ಹಾಗಾಯಿತು. ಒಳಗೆ ಬಂದು ಅವಳಿಗೆ ಹೇಳಿದೆ. ಬಾಯಿಗೆ ಬಂದದ್ದೆಲ್ಲ ಅವರಿಗೆ ಬೈದೆ. ಅವಳು ಮೆಂತ್ಯದ ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಮಂದಿ ಏನಂದಾರು ಅಂದ್ನೇನು?" ಎಂದು ಕೇಳಿದಳು. ಹೌದು ಎಂದೆ. "ಹಂಗಾರ ಮಂದೀನ ಕರಸಬೇಕು" ಎಂದಳು.

ಕೃಷಿ ಸಹಾಯಕನಿಗೂ ತನ್ನ ಮೇಲಧಿಕಾರಿಗಳಿಗೆ ತೋರಿಸಲು ಒಂದು ಒಳ್ಳೆಯ ಹೊಲ ಬೇಕಿತ್ತು. ನಾದಿನಿಯೇ ಅವನನ್ನು ರಸ್ತೆಯಲ್ಲಿ ನಿಲ್ಲಿಸಿ, ಇಲ್ಲೇ ಕ್ಷೇತ್ರೋತ್ಸವ ಇಡಿ, ರೈತರನ್ನೆಲ್ಲ ಕರೆದು ಬೆಳೆ ತೋರಿಸಿ ಎಂದು ಹೇಳಿದಳು. ಅವನು ಎಂದಿನಂತೆ ಚಪ್ಪಲಿಗೆ ಹೂಂ ಎಂದ.

ಹೊಲದ ಮೂಲೆಯಲ್ಲಿ, ಬಣವೆ ಇರುತ್ತಿದ್ದ ಜಾಗದಲ್ಲೇ ಶಾಮಿಯಾನ ಎದ್ದಿತು. ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ, ಆದರೂ ಅಲ್ಲಿಂದ ಬಂದ ಸಾಹೇಬರ ಜೀಪು ಜಿಲ್ಲೆಯವರದೇ ಎನ್ನುವ ಠೀವಿಯಲ್ಲಿ ನಿಂತಿತು. ಸುತ್ತಲಿನ ಊರಿನ ರೈತರು, ಊರಿನ ಹಿರಿಯರು, ಜಮೀನಿನ ಲೆಕ್ಕ ಬರೆಯುವ ತಲಾಟಿ, ಎಲ್ಲರೂ ಬಂದರು. ಮಾವ ಹೊಸ ರುಮಾಲು ಸುತ್ತಿ ವೇದಿಕೆಯ ಮೇಲೆ ಕೂತರು. ಮಾಲೆ ಹಾಕಿಸಿಕೊಂಡರು. ಮೈಕು ಸಿಕ್ಕಿತು. ಅದು ಕೈಗೆ ಬಂದದ್ದೇ ತಡ, ಬಲೆ ಕಟ್ಟಿದ್ದು ತಾವು, ಹುಳ ಅರಿತದ್ದು ತಾವು, ಬಣವೆ ತೆಗೆಸಿದ್ದೂ ತಾವು ಎಂದು ಹೇಳಿದರು. "ಒಣಾ ಕಟಿಗ್ಯಾಗ ಹುಳಾ ಮಲಗಿರತೈತ್ರೆಪಾ, ಇದು ನಮ್ಮ ಮಂದಿಗೆ ತಿಳಿಯಂಗಿಲ್ಲ" ಎಂದು ಬೇರೆ ಸೇರಿಸಿದರು. ಸಹಾಯಕ ತನ್ನ ಚಪ್ಪಲಿ ನೋಡಿದ. ನಾನು ಹೆಂಗಸರ ಸಾಲಿನಲ್ಲಿ ಕೂತು ಸೆರಗಿನೊಳಗೆ ಹಲ್ಲು ಕಡಿದೆ.

ಆಗ ನಾದಿನಿ ಎದ್ದಳು. ಕೈಯಲ್ಲಿ ತಟ್ಟೆ, ಅದರಲ್ಲಿ ಬಿರಿದ ಹತ್ತಿ. ವೇದಿಕೆ ಹತ್ತಿ ಅಪ್ಪನ ಕಾಲಿಗೆ ಬಿದ್ದಳು. ಏಳುವಾಗ ಮೈಕು ಅವಳ ಬಾಯಿಯ ಹತ್ತಿರವೇ ಇತ್ತು.

"ನಮ್ಮಪ್ಪ ಈ ಹೊಲಾ ನನಗ ಕೊಟ್ಟಾನ್ರಿ. ಹಿರೇರ ಮುಂದ ಮಾತ ಕೊಟ್ಟಾನ್ರಿ. ಮಗಳಿಗೆ ಹೊಲಾ ಬರದ ಕೊಟ್ಟ ಅಪ್ಪ ಈ ಭಾಗದಾಗ ಇನ್ನೊಬ್ಬಾಂವ ಇದ್ರ ತೋರಸ್ರಿ."

ಮೊದಲು ಎಲ್ಲರೂ ಮಾವನ ಕಡೆ ತಿರುಗಿದರು. ಆಮೇಲೆ ಸಾಹೇಬರು ಎದ್ದು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ ಮೇಲೆ ಎಲ್ಲರೂ ತಟ್ಟಿದರು. ಹಿರಿಯರಲ್ಲಿ ಒಬ್ಬರು ಕೂತಲ್ಲಿಂದಲೇ, "ಹೌದ್ರಿ, ನಾವ ಇದ್ವಿ" ಎಂದರು. ಸಾಹೇಬರು ತಮ್ಮ ಕೊರಳಿನ ಮಾಲೆ ತೆಗೆದು ಮಾವನಿಗೆ ಹಾಕಿ, "ಇಂಥಾ ತಂದಿ ಎಲ್ಲಾ ಊರಾಗ ಹುಟ್ಟಬೇಕು" ಎಂದರು.

ನಾನು ಮಾವನ ಮುಖವನ್ನೇ ನೋಡುತ್ತಿದ್ದೆ. ಮೊದಲು ಅದು ಬಿಳಚಿಕೊಂಡಿತು. ಎರಡನೆಯ ಮಾಲೆ ಕೊರಳಿಗೆ ಬಿದ್ದ ಕೂಡಲೇ ಬಣ್ಣ ತಿರುಗಿ ಬಂತು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಅವರು ಬೇಡ ಎನ್ನಬಹುದಿತ್ತು, ಯಾರೂ ಅವರ ಕೈ ಹಿಡಿದಿರಲಿಲ್ಲ. ಆದರೆ ಮೈಕು ಮುಂದಿತ್ತು. ಮೀಸೆಯ ಮೇಲೆ ಕೈಯಾಡಿಸಿ, "ಕೊಟ್ಟೇನಿ. ಮಗಳಂದ್ರೇನು, ಮಗ ಅಂದ್ರೇನು, ನನಗ ಎರಡೂ ಒಂದ" ಎಂದರು. ವಾಸನೆಗೆ ಮರುಳಾದ ಚಿಟ್ಟೆ ಹೀಗೆಯೇ ತಾನಾಗಿ ಹೋಗಿ ಚೀಲಕ್ಕೆ ಬೀಳುತ್ತಿರಬೇಕು ಎಂದು ನನಗೆ ಅನಿಸಿತು. ನಕ್ಕರೆ ಕೆಲಸ ಕೆಡುತ್ತದೆಂದು ಸೆರಗು ಬಾಯಿಗೆ ತುರುಕಿಕೊಂಡೆ.

ರಾಣೆಬೆನ್ನೂರಿನ ನೋಂದಣಿ ಕಚೇರಿಗೆ ಹೋದ ದಿನವೂ ಅದೇ ರುಮಾಲು. ಅಲ್ಲಿನ ಕಟ್ಟೆಯ ಮೇಲೆ ಕೂತವರಿಗೆಲ್ಲ ತಾವು ಯಾಕೆ ಬಂದಿದ್ದೇವೆ ಎಂದು ಕೇಳದಿದ್ದರೂ ಹೇಳಿದರು. ಹೊಲದ ಪಹಣಿ ಉತಾರದಲ್ಲಿ ಅವಳ ಹೆಸರು ಬಂತು. ಬ್ಯಾಡಗಿಯಿಂದ ಕರೆದುಕೊಂಡು ಹೋಗಲು ಬಂದವರು ಚಹಾ ಕುಡಿದು ತಿರುಗಿ ಹೋದರು.

ಚಳಿ ಹೋಗಿ ಬಿಸಿಲು ಬಲಿಯುತ್ತಿತ್ತು. ಮಾವನ ಬೇರೆ ಹೊಲಗಳಲ್ಲಿ ಹತ್ತಿಗಿಡ ಕಿತ್ತು ಮುಗಿದಿತ್ತು. ಒಂದು ಬೆಳಿಗ್ಗೆ ಕಟ್ಟಿಗೆ ಹೇರಿದ ಗಾಡಿ ರಸ್ತೆಬದಿಯ ಆ ಮೂಲೆಗೆ ಬಂದು ನಿಂತಿತು. ಮುಂದೆ ಮಾವ, ಒಂದು ಕೈ ರುಮಾಲಿನ ಮೇಲೆ. ಏಣಿಯನ್ನೂ ತಂದಿದ್ದರು. ವೇದಿಕೆಯ ಮೇಲೆ ನಿಂತು ಊರಿಗೆಲ್ಲ ಹುಳದ ಪಾಠ ಹೇಳಿದ ಮನುಷ್ಯ, ಕಟ್ಟಿಗೆ ಕಣ್ಣಿಗೆ ಬಿದ್ದ ಕೂಡಲೇ ಅಷ್ಟನ್ನೂ ಮರೆತಿದ್ದರು. ಬಹುಶಃ ಅವರಿಗೆ ಅದು ಎಂದೂ ತಿಳಿದೇ ಇರಲಿಲ್ಲ.

ನಾದಿನಿ ಹೊಲದ ಒಡ್ಡಿನ ಮೇಲೆ ಬಂದು ನಿಂತಳು. ನಾನು ಬುತ್ತಿ ಹಿಡಿದು ಅವಳ ಹಿಂದೆ ಇದ್ದೆ.

"ಅಪ್ಪಾ, ಇಲ್ಲಿ ಇಳಸಬ್ಯಾಡ. ಕಿತ್ತ ಹೊಲದಾಗ ಸುಡಸು, ಇಲ್ಲಂದ್ರ ಯುಗಾದಿ ಒಳಗ ಒಲಿಗೆ ಹಾಕಸು."

"ಯಾಕ? ವರ್ಷಾ ವರ್ಷಾ ಇಲ್ಲೇ ಒಟ್ಟತೇವಿ."

"ಆ ವರ್ಷೆಲ್ಲಾ ಇದು ನಿನ್ನ ಹೊಲ ಇತ್ತು."

ಅವಳು ದನಿ ಏರಿಸಿರಲಿಲ್ಲ. ಮಾವ ನನ್ನ ಕಡೆ ನೋಡಿದರು, ಗಾಡಿಯವನ ಕಡೆ ನೋಡಿದರು, ಕೊನೆಗೆ ರಸ್ತೆಯ ಕಡೆ ನೋಡಿದರು. ಅವರು ಬೈಯಬಹುದೆಂದು ನಾನು ಕಾದೆ. ಬೈಯಲಿಲ್ಲ. ತಲೆಯ ಮೇಲಿನ ಕೈ ಕೆಳಗಿಳಿಸಿ, "ತಿರುಗಸೋ" ಎಂದು ಗಾಡಿಯವನಿಗೆ ಹೇಳಿದರು. ಎತ್ತುಗಳು ತಿರುಗಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ರಾಣೆಬೆನ್ನೂರು ಮೇಲೆ ಬ್ಯಾಡಗಿಗೆ ಹೋಗುವ ಬಸ್ಸು ಬಂದು ನಮ್ಮೆದುರು ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ಬಾಗಿ, ಯಾರಾದರೂ ಹತ್ತುವವರು ಇದ್ದಾರೆಯೇ ಎಂದು ಕೇಳಿದ.

"ಯಾರೂ ಇಲ್ಲ, ಹೋಗ್ರಿ" ಎಂದಳು ನಾದಿನಿ.